ಬರದ ದಿನದ ಕತೆ, 16 ಪುಟದ ಪುಸ್ತಕ: ಮಕ್ಕಳ ಚಿತ್ರಪುಸ್ತಕವನ್ನು ಮನೆಯಲ್ಲೇ ಮಾಡುವ ಸಮಗ್ರ ಮಾರ್ಗದರ್ಶಿ

ಧಾರವಾಡ, ಗದಗ, ಹಾವೇರಿ ಕಡೆಯ ತಾಯಂದಿರು, ಶಿಕ್ಷಕಿಯರು ಮಕ್ಕಳ ಜೊತೆ ಕೂತು ಮಾಡಿ ತಂದು ತೋರಿಸುವ ಚಿತ್ರಪುಸ್ತಕಗಳಲ್ಲಿ ಮೂರು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಒಂದು, ಪುಟಗಳ ಕ್ರಮ ಕೆಟ್ಟಿರುತ್ತದೆ. 5ನೇ ಪುಟ ಓದಿ ಮಗುಚಿದರೆ ಕತೆಯ ಕೊನೆ ಎದುರಾಗುತ್ತದೆ. ಎರಡು, ನಾಲ್ಕು ಸಲ ಓದುವಷ್ಟರಲ್ಲಿ ನಡುವಿನ ಹಾಳೆ ಕಿತ್ತು ಕೈಗೆ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಲ್ಲಿ ಕತೆಯೇ ಇರುವುದಿಲ್ಲ, ಉಪದೇಶ ಇರುತ್ತದೆ. “ಕಷ್ಟಕಾಲದಲ್ಲಿ ಧೈರ್ಯಗೆಡಬಾರದು” ಎಂದು ಬರೆದು ಪಕ್ಕಕ್ಕೊಂದು ಒಣಗಿದ ಮರ ಬಿಡಿಸಿರುತ್ತಾರೆ. ಮಗು ಒಂದು ಸಲ ನೋಡಿ ಮುಚ್ಚಿಡುತ್ತದೆ, ಮತ್ತೆ ಕೇಳುವುದಿಲ್ಲ.

“ಇನ್ನೊಮ್ಮೆ ಓದು” ಅಂತ ಮಗು ಗಂಟುಬೀಳುವ ಪುಸ್ತಕ ಬೇಕಿದ್ದರೆ ಕೆಲಸದ ಕ್ರಮ ಬದಲಾಗಬೇಕು. ಹೆಚ್ಚಿನವರು ಚಿತ್ರದಿಂದ ಶುರು ಮಾಡಿ, ಹೊಲಿಯುವ ಹೊತ್ತಿಗೆ ಪುಟದ ಲೆಕ್ಕ ಹಾಕುತ್ತಾರೆ. ಇಲ್ಲಿ ಮೊದಲು ಕತೆ, ಆಮೇಲೆ ಪುಟದ ಲೆಕ್ಕ, ಆಮೇಲೆ ಮಾತು. ಬಣ್ಣದ ಡಬ್ಬಿ ತೆಗೆಯುವುದು ಅದಾದ ಮೇಲೆಯೇ. ನಾಲ್ಕು ಭಾನುವಾರ ಇಟ್ಟುಕೊಳ್ಳಿ. ಒಂದೇ ದಿನಕ್ಕೆ ಮುಗಿಸಲು ಹೊರಟರೆ ಅರ್ಧಕ್ಕೆ ಮಗು ಎದ್ದು ಆಡಲು ಹೋಗಿ, ಪುಸ್ತಕ ನಿಮ್ಮದಾಗಿ ಉಳಿಯುತ್ತದೆ.

ಉದಾಹರಣೆಗೆ ನಾವು ಮಾಡಿದ “ಒಂದು ಕೊಡ ನೀರು” ಎಂಬ ಪುಸ್ತಕವನ್ನೇ ಉದ್ದಕ್ಕೂ ಬಳಸುತ್ತೇನೆ. ನಿಮ್ಮ ಕತೆ ಬೇರೆ ಇರಲಿ, ಇರಲೇಬೇಕು.

## ಮೊದಲು ಕೂಡಿಹಾಕಬೇಕಾದ ಸಾಮಾನು

ಕಚ್ಚಾ ಕೆಲಸಕ್ಕೆ ಒಂದು ಮೈ ಖಾಲಿ ಇರುವ ಎ4 ಹಾಳೆ ಹತ್ತು ಬೇಕು. ಪುಸ್ತಕಕ್ಕೆ ಎರಡೂ ಮೈ ಖಾಲಿ ಇರುವ ಎ4 ಹಾಳೆ ನಾಲ್ಕು. ಜೊತೆಗೆ ಎರಡು ಹೆಚ್ಚುವರಿ ಇರಲಿ, ಒಂದು ಹಾಳೆಯಾದರೂ ಕೆಡುತ್ತದೆ. ಹೊರಹೊದಿಕೆಗೆ ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು. ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯಬೇಡಿ, ಮುಖಪುಟದ ಆಕಾರಗಳನ್ನು ಅದರಲ್ಲೇ ಕತ್ತರಿಸಬಹುದು. ಗದಗಿನವರಿಗೆ ಇನ್ನೂ ಸುಲಭ: ಪ್ರೆಸ್ಸಿನಲ್ಲಿ ಕೇಳಿದರೆ ಕತ್ತರಿಸಿ ಉಳಿದ ದಪ್ಪ ಕಾಗದದ ಪಟ್ಟಿಗಳು ಸಿಗುತ್ತವೆ.

ದಾರಕ್ಕೆ ಅಂಗಡಿಗೆ ಹೋಗಬೇಕಿಲ್ಲ. 25 ಕೆಜಿ ಅಕ್ಕಿ ಚೀಲದ ಬಾಯಿಗೆ ಹಾಕಿದ ಹೊಲಿಗೆಯ ತುದಿ ಸರಿಯಾಗಿ ಹಿಡಿದು ಎಳೆದರೆ ಇಡೀ ದಾರ ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಬ್ಯಾಡಗಿ ಮೆಣಸಿನಕಾಯಿ ಚೀಲದ್ದಾದರೆ ಮುಟ್ಟುವ ಮೊದಲು ತೊಳೆದು ಒಣಗಿಸಿ, ಆ ಕೈ ಮಗುವಿನ ಕಣ್ಣಿಗೆ ಹೋದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಚೀಲದ ದಾರ ಸಿಗದಿದ್ದರೆ ಕೌದಿ ಹೊಲಿಯುವ ದಾರವೇ ಆದೀತು. ಬ್ಲೌಸ್ ಹೊಲಿಯುವ ಮಷಿನ್ ದಾರ ಬೇಡ. ಅದು ಸಣ್ಣ, ಬಿಗಿದರೆ ಕಾಗದವನ್ನೇ ಕೊಯ್ಯುತ್ತದೆ.

ಉಳಿದದ್ದು: ಕೌದಿ ಸೂಜಿ, ತೂತು ಹಾಕಲು ದಬ್ಬಣ, ಮೇಣದ ಬತ್ತಿಯ ತುಂಡು, ಸ್ಟೀಲ್ ಪಟ್ಟಿ, ಪೆನ್ಸಿಲ್, ಮೇಣದ ಬಣ್ಣದ ಕಡ್ಡಿ, ಎರಡು ಬೆರಳಗಲದ ಹತ್ತಿ ಬಟ್ಟೆಯ ಚೂರು, ಮೈದಾ ಹಿಟ್ಟು. ದಬ್ಬಣ, ಕಟರ್, ಒಲೆ ಈ ಮೂರೂ ದೊಡ್ಡವರ ಕೈಯಲ್ಲೇ ಇರಬೇಕು.

## ಹಂತ 1: ಹಿರಿಯರ ಹತ್ತಿರ ಕತೆ ಕೇಳುವುದು

“ಅಜ್ಜಿ, ಬರಗಾಲ ಹೆಂಗಿತ್ತು?” ಅಂತ ಕೇಳಿದರೆ “ಭಾಳ ಕಷ್ಟ ಇತ್ತವ್ವಾ” ಎಂಬ ಉತ್ತರ ಬರುತ್ತದೆ. ಅದರಿಂದ ಒಂದು ಪುಟವೂ ಹುಟ್ಟುವುದಿಲ್ಲ. ಪ್ರಶ್ನೆ ಚಿಕ್ಕದಾಗಿರಲಿ, ಕೈಗೆ ಸಿಗುವ ವಸ್ತುವಿನ ಬಗ್ಗೆ ಇರಲಿ. ಅವತ್ತು ಮುಂಜಾನೆ ಮನೆಯೊಳಗೆ ಏನೇನಿತ್ತು? ಹಿಟ್ಟಿನ ಡಬ್ಬಿ ಎಷ್ಟು ತುಂಬಿತ್ತು? ನೀರು ಎಲ್ಲಿಂದ ತರುತ್ತಿದ್ದಿರಿ, ಯಾವ ಕೊಡದಲ್ಲಿ? ತಂಗಳ ರೊಟ್ಟಿಯನ್ನು ಏನು ಮಾಡುತ್ತಿದ್ದಿರಿ? ಹಳೆಯ ಸೀರೆ ಎಲ್ಲಿ ಹೋಯಿತು?

ಹೀಗೆ ಕೇಳಿದಾಗ ಬರುವ ಉತ್ತರವೇ ಬೇರೆ. ಒಣಗಿದ ರೊಟ್ಟಿಯನ್ನು ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿ ಮುಟಗಿ ಮಾಡಿದ್ದು, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ಹಕ್ಕರಕಿ, ಕಿರಕಸಾಲಿ, ಗೋಳಿ ತಪ್ಪಲ (ಸೊಪ್ಪು) ತಂದದ್ದು, ಧೋತರದ ತುಂಡು ಕೌದಿಯೊಳಗೆ ಸೇರಿದ್ದು. ಇವೆಲ್ಲ ಚಿತ್ರವಾಗುತ್ತವೆ. ಚಿತ್ರವಾಗದ ಉತ್ತರವನ್ನು ವಹಿಯಲ್ಲಿ ಬರೆದಿಡಿ, ಆದರೆ ಪುಸ್ತಕಕ್ಕೆ ತರಬೇಡಿ.

1972ರ ಬರವನ್ನು ಹತ್ತು ವರ್ಷದವರಾಗಿ ಕಂಡವರಿಗೆ ಈಗ 60 ದಾಟಿದೆ. ಅಷ್ಟು ಹಿರಿಯರು ಮನೆಯಲ್ಲಿಲ್ಲದಿದ್ದರೂ ಚಿಂತೆಯಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ರೋಣ ತಾಲ್ಲೂಕುಗಳ ಹಳ್ಳಿಗಳು ನೀರಿನಲ್ಲಿ ನಿಂತಿದ್ದವು. 2020ರ ಲಾಕ್‌ಡೌನ್ ಇದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು, ಅದರ ಮರುವರ್ಷದ ಬೇಸಿಗೆಯ ನೆನಪು ಎಂಟು ಹತ್ತು ವರ್ಷದ ಮಕ್ಕಳಿಗೇ ಇರುತ್ತದೆ. ಅವರನ್ನೂ ಕೇಳಿ.

ಎಚ್ಚರಿಕೆಯ ಗುರುತು: ಹೇಳುತ್ತ ಹೇಳುತ್ತ ಹಿರಿಯರ ದನಿ ಇಳಿದರೆ, ಮಾತು ಸಾವು ನೋವಿನ ಕಡೆ ಹೊರಳಿದರೆ, ಅಲ್ಲಿಗೆ ಪ್ರಶ್ನೆ ನಿಲ್ಲಿಸಿ. ಚಹಾ ಮಾಡಿ ಕೊಡಿ, ಸುಮ್ಮನೆ ಕೂಡಿ. ಅವರು ಹೇಳಿದ್ದನ್ನೆಲ್ಲ ಪುಸ್ತಕ ಮಾಡುವ ಹಕ್ಕು ನಮಗಿಲ್ಲ. ಮುಂದಿನ ಭಾನುವಾರ ಅವರೇ ಬೇರೆ ಕತೆ ತೆಗೆಯುತ್ತಾರೆ, ನಾನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

## ಹಂತ 2: ಕತೆಯನ್ನು ಸೋಸುವುದು

ಕೇಳಿ ತಂದ ಹತ್ತು ಸಂಗತಿಯಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಇಲ್ಲಿಯೇ ಬಹಳ ಜನ ಸೋಲುತ್ತಾರೆ. ಮುಟಗಿಯೂ ಬೇಕು, ಕೌದಿಯೂ ಬೇಕು, ನೀರೂ ಬೇಕು ಅಂತ ಎಲ್ಲ ತುರುಕಿದರೆ ಅದು ಪಟ್ಟಿಯಾಗುತ್ತದೆ. ಒಂದು ವಸ್ತು, ಒಂದು ಕೊರತೆ, ಒಂದು ದಿನ. ಇಷ್ಟೇ ಅಳತೆ.

ನಮ್ಮ ಪುಸ್ತಕದ ಕತೆ ಇದು. ನಳದಲ್ಲಿ ನೀರು ಬಂದು ಎಂಟು ದಿನವಾಗಿದೆ. ಮನೆಯಲ್ಲಿ ಉಳಿದದ್ದು ಒಂದೇ ಕೊಡ ನೀರು. ಅಜ್ಜಿ ಅಕ್ಕಿ ತೊಳೆದ ನೀರನ್ನು ಆಕಳಿಗೆ ಕಲಗಚ್ಚಿಗೆ ಇಡುತ್ತಾಳೆ. ಮಾರಿ (ಮುಖ) ತೊಳೆದ ನೀರು ಬೋಗುಣಿಗೆ ಬೀಳುತ್ತದೆ, ಬೋಗುಣಿಯಿಂದ ಹಿತ್ತಲಿನ ನುಗ್ಗಿ ಗಿಡದ ಬುಡಕ್ಕೆ. ರಾತ್ರಿ ರೊಟ್ಟಿಯ ಜೊತೆ ನುಗ್ಗಿ ತಪ್ಪಲದ ಪಲ್ಯ. ಮೊಮ್ಮಗಳು ಇದನ್ನೆಲ್ಲ ನೋಡುತ್ತಿರುತ್ತಾಳೆ. ಕಡೆಯ ಪುಟದಲ್ಲಿ ಮಾತಿಲ್ಲ: ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಯ ಕೆಳಗೆ ಅವಳು ಒಂದು ಚರಿಗೆ ಇಡುತ್ತಾಳೆ.

ಆ ಕಡೆಯ ಚರಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲ ಸಲ ಬರೆದಾಗ ಕತೆ ಪಲ್ಯದ ಪುಟಕ್ಕೇ ಮುಗಿದಿತ್ತು. ಓದಿಸಿದಾಗ ಮಕ್ಕಳು “ಹೂಂ” ಅಂದು ಎದ್ದುಹೋದರು. ಅಜ್ಜಿ ಜಾಣೆ, ಸರಿ. ಅದರಲ್ಲಿ ನಮಗೇನು ಕೆಲಸ ಎಂಬ ಹಾಗಿತ್ತು ಅವರ ಮುಖ. ಆಮೇಲೆ ಚರಿಗೆಯ ಪುಟ ಸೇರಿಸಿದೆವು. ಅದನ್ನು ಅಜ್ಜಿ ಕಲಿಸಿರಲಿಲ್ಲ, ಹುಡುಗಿಗೆ ತಾನಾಗಿ ಹೊಳೆದದ್ದು. ಆ ಪುಟ ಬಂದ ಮೇಲೆ ಮಕ್ಕಳು ಪುಸ್ತಕ ಕಸಿದುಕೊಳ್ಳತೊಡಗಿದರು. ಆದ್ದರಿಂದ ಇದನ್ನು ನಿಯಮವೆಂದೇ ಇಟ್ಟುಕೊಂಡಿದ್ದೇನೆ: ಕತೆಯ ಕೊನೆಯ ಉಪಾಯ ಮಗುವಿನದೇ ಆಗಿರಬೇಕು, ಎಷ್ಟೇ ಸಣ್ಣದಿರಲಿ.

ಸಾಮಾನ್ಯ ತಪ್ಪು: ಕೊನೆಗೆ ಮಳೆ ಬರಿಸುವುದು. ಮಳೆ ಬಂದರೆ ಅಷ್ಟು ಹೊತ್ತು ಮಾಡಿದ ಉಪಾಯವೆಲ್ಲ ಬೇಡವಾದ ಹಾಗಾಗುತ್ತದೆ. ಸಾಹುಕಾರ ಬಂದು ಸಹಾಯ ಮಾಡುವುದೂ ಅಷ್ಟೇ. ಕೊರತೆ ಇದ್ದಲ್ಲೇ ಇರಲಿ, ಮನೆಯವರು ಅದರೊಳಗೇ ದಾರಿ ಕಂಡುಕೊಳ್ಳಲಿ.

## ಹಂತ 3: ಕತೆಯನ್ನು ಪುಟಗಳಿಗೆ ಹಂಚುವುದು

ನಾಲ್ಕು ಎ4 ಹಾಳೆಯನ್ನು ಒಂದರೊಳಗೊಂದು ಇಟ್ಟು ನಡುವೆ ಮಡಚಿದರೆ 16 ಪುಟವಾಗುತ್ತದೆ. ಒಂದು ಪುಟದ ಅಳತೆ ಸುಮಾರು 15 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ. ಮಡಿಲಲ್ಲಿ ಒಂದು ಮಗು, ಪಕ್ಕದಲ್ಲಿ ಎರಡು ಮೂರು ಮಕ್ಕಳು ಕೂತು ನೋಡಲು ಈ ಅಳತೆ ಸಾಕು. ಇಡೀ ತರಗತಿಗೆ ತೋರಿಸಬೇಕಿದ್ದರೆ ಇದರ ಎರಡರಷ್ಟು ದೊಡ್ಡ ಹಾಳೆ ಬೇಕು, ಲೆಕ್ಕ ಇದೇ.

1, 3, 5 ಹೀಗೆ ಬೆಸ ಅಂಕಿಯ ಪುಟ ಯಾವಾಗಲೂ ಬಲಗಡೆ ಬೀಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕತೆ ಹಂಚಬೇಕು, ಏಕೆಂದರೆ ಮಗು ಪುಟ ಮಗುಚುವುದು ಬಲಗಡೆಯ ಪುಟ ಮುಗಿದ ಮೇಲೆ. ಕುತೂಹಲ ಬಲಗಡೆಯ ಪುಟದ ಕೆಳತುದಿಯಲ್ಲಿ ನಿಲ್ಲಬೇಕು, ಉತ್ತರ ಮಗುಚಿದ ಮೇಲೆ ಎಡಗಡೆ ಸಿಗಬೇಕು. ನಮ್ಮ ಪುಸ್ತಕದ 5ನೇ ಪುಟದಲ್ಲಿ ಹುಡುಗಿ ಅಕ್ಕಿ ತೊಳೆದ ನೀರನ್ನು ಚೆಲ್ಲಲು ಬಾಗಿಲಿಗೆ ಬಂದಿದ್ದಾಳೆ. “ಏ, ಚೆಲ್ಲಬ್ಯಾಡವಾ!” ಎಂಬ ಕೂಗಿನೊಂದಿಗೆ ಪುಟ ಮುಗಿಯುತ್ತದೆ. ಮಗುಚಿದರೆ 6ನೇ ಪುಟದಲ್ಲಿ ಆಕಳು. ಇದೇ ಕೂಗನ್ನು 4ನೇ ಪುಟದಲ್ಲಿ ಇಟ್ಟಿದ್ದರೆ ಆಕಳು ಎದುರಿನ ಪುಟದಲ್ಲೇ ಕಾಣಿಸಿಬಿಡುತ್ತಿತ್ತು, ಕಾಯುವ ಸುಖವೇ ಇರುತ್ತಿರಲಿಲ್ಲ.

ನಮ್ಮ ಹಂಚಿಕೆ ಹೀಗಿತ್ತು. 1ರಲ್ಲಿ ಹೆಸರು. 2ರಲ್ಲಿ ಮಾಡಿದವರ ಹೆಸರು, ಊರು, ವರ್ಷ. 3ರಲ್ಲಿ ಒಣಗಿದ ನಳ ಮತ್ತು ಒಂದು ಕೊಡ. 4–5 ಅಕ್ಕಿ ತೊಳೆಯುವುದು. 6–7 ಆಕಳು. 8–9 ಟ್ಯಾಂಕರ್ ಬಾರದ ಓಣಿ, ಸಾಲಾಗಿ ಇಟ್ಟ ಖಾಲಿ ಕೊಡಗಳು. 10–11 ಮಾರಿ ತೊಳೆಯುವುದು. 12–13 ನುಗ್ಗಿ ಗಿಡ. 14–15 ಊಟ. 16ರಲ್ಲಿ ಚರಿಗೆ.

ಓಣಿಯ ಚಿತ್ರವನ್ನು 8–9ಕ್ಕೆ ಇಟ್ಟದ್ದಕ್ಕೆ ಕಾರಣವಿದೆ. ಇಡೀ ಪುಸ್ತಕದಲ್ಲಿ ಎಡಬಲ ಎರಡೂ ಪುಟ ಒಂದೇ ಹಾಳೆಯ ಒಂದೇ ಮೈಯಲ್ಲಿ ಬರುವುದು ಅಲ್ಲಿ ಮಾತ್ರ. ಉಳಿದ ಕಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದು ಹಾಳೆಯದು. ಅಲ್ಲಿ ಎರಡು ಪುಟಕ್ಕೆ ಹರಡುವ ಚಿತ್ರ ಬರೆದರೆ ಆಕಳಿನ ತಲೆ ಒಂದು ಕಡೆ, ಮೈ ಒಂದು ಬೆರಳು ಕೆಳಗೆ ಕೂರುತ್ತದೆ. ಅತಿ ದೊಡ್ಡ ಚಿತ್ರ ಯಾವುದೋ ಅದನ್ನು ನಟ್ಟನಡುವಿಗೆ ತನ್ನಿ.

## ಹಂತ 4: ಡಮ್ಮಿ ಮಾಡುವುದು

ಪ್ರೆಸ್ಸಿನವರು ಇದನ್ನು ಡಮ್ಮಿ ಎನ್ನುತ್ತಾರೆ. ರದ್ದಿ ಹಾಳೆ ನಾಲ್ಕನ್ನು ಮಡಚಿ ಮಾಡುವ ಕಚ್ಚಾ ಪುಸ್ತಕ. ಹತ್ತರಲ್ಲಿ ಒಂಬತ್ತು ಜನ ಬಿಟ್ಟುಬಿಡುವ ಹಂತ ಇದೇ, ಪುಟ ಅದಲುಬದಲಾಗುವುದೂ ಇದನ್ನು ಬಿಟ್ಟವರದೇ.

ನಾಲ್ಕು ಹಾಳೆ ಮಡಚಿ, ಪುಸ್ತಕದಂತೆ ಹಿಡಿದು, ಮುಂದಿನಿಂದ ಹಿಂದಿನವರೆಗೆ ಪ್ರತಿ ಪುಟದ ಮೂಲೆಯಲ್ಲಿ 1ರಿಂದ 16ರವರೆಗೆ ಅಂಕಿ ಬರೆಯಿರಿ. ಆಮೇಲೆ ಹಾಳೆಗಳನ್ನು ಬಿಡಿಸಿ ನೆಲದ ಮೇಲೆ ಹರಡಿ. ಹೀಗೆ ಕಾಣಬೇಕು:

ಹೊರಗಿನ ಹಾಳೆ: ಒಂದು ಮೈಯಲ್ಲಿ 16 ಮತ್ತು 1, ಇನ್ನೊಂದು ಮೈಯಲ್ಲಿ 2 ಮತ್ತು 15.
ಎರಡನೆಯದು: 14 ಮತ್ತು 3, ಹಿಂದೆ 4 ಮತ್ತು 13.
ಮೂರನೆಯದು: 12 ಮತ್ತು 5, ಹಿಂದೆ 6 ಮತ್ತು 11.
ನಡುವಿನ ಹಾಳೆ: 10 ಮತ್ತು 7, ಹಿಂದೆ 8 ಮತ್ತು 9.

ಯಾವ ಮೈ ನೋಡಿದರೂ ಎರಡು ಅಂಕಿ ಕೂಡಿದರೆ 17. ಮಗುವಿಗೆ ಕೂಡಿಸಿ ನೋಡಲು ಕೊಡಿ, ಲೆಕ್ಕದ ಅಭ್ಯಾಸವೂ ಆದೀತು. ಎಲ್ಲಾದರೂ 17 ಬಾರದಿದ್ದರೆ ಅಲ್ಲಿ ತಪ್ಪಿದೆ, ಮುಂದೆ ಹೋಗಬೇಡಿ. (12 ಪುಟದ ಪುಸ್ತಕವಾದರೆ ಮೂರು ಹಾಳೆ, ಮೊತ್ತ 13.)

ಈಗ ಡಮ್ಮಿಯ ಪ್ರತಿ ಪುಟದಲ್ಲಿ ಪೆನ್ಸಿಲಿನಿಂದ ಗೀಚುಚಿತ್ರ ಹಾಕಿ. ಮನುಷ್ಯ ಅಂದರೆ ಒಂದು ಸೊನ್ನೆ, ಒಂದು ಗೆರೆ, ಸಾಕು. ಮಾತು ಬರುವಲ್ಲಿ ಒಂದು ಚೌಕ. ಇಷ್ಟು ಮಾಡಿ, ಈ ಪುಸ್ತಕದಲ್ಲಿ ಪಾಲುಗೊಳ್ಳದ ಮೂರು ಮಕ್ಕಳಿಗೆ, ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ, ಓದಿ ಹೇಳಿ. ಓದುವಾಗ ಪುಸ್ತಕ ನೋಡಬೇಡಿ, ಮಗುವಿನ ಮುಖ ನೋಡಿ.

ನೀವು ಓದಿ ಮುಗಿಸುವ ಮೊದಲೇ ಮಗು ಪುಟ ಮಗುಚಿದರೆ ಅಲ್ಲಿ ಮಾತು ಹೆಚ್ಚಾಗಿದೆ. ಹಿಂದಿನ ಪುಟಕ್ಕೆ ತಿರುಗಿದರೆ ನಡುವೆ ಏನೋ ಬಿಟ್ಟುಹೋಗಿದೆ. “ಆಮ್ಯಾಲೆ?” ಅಂತ ಕೇಳಿದರೆ ಅಲ್ಲಿ ಏನನ್ನೂ ಮುಟ್ಟಬೇಡಿ. ಕಿಟಕಿಯ ಕಡೆ ನೋಡತೊಡಗಿದ ಪುಟಕ್ಕೆ ಒಂದು ಗುರುತು ಹಾಕಿ, ಮೂರು ಮಕ್ಕಳೂ ಅದೇ ಪುಟದಲ್ಲಿ ಕಿಟಕಿ ನೋಡಿದರೆ ಆ ಪುಟ ತೆಗೆಯಲೇಬೇಕು, ನಿಮಗೆ ಎಷ್ಟೇ ಇಷ್ಟವಾಗಿರಲಿ.

## ಹಂತ 5: ಮಾತು ಬರೆಯುವುದು

ಒಂದು ಪುಟಕ್ಕೆ ಒಂದು ವಾಕ್ಯ, ಹೆಚ್ಚೆಂದರೆ ಎರಡು. ಚಿತ್ರದಲ್ಲಿ ಕಾಣುವುದನ್ನು ಬರೆಯಬೇಡಿ. ಕೊಡ ಖಾಲಿ ಇರುವುದು ಕಾಣುತ್ತಿದ್ದರೆ “ಕೊಡ ಖಾಲಿಯಾಗಿತ್ತು” ಎಂಬ ಮಾತು ದಂಡ. ಬದಲಿಗೆ ಚಿತ್ರಕ್ಕೆ ಬಾರದ್ದನ್ನು, ಸದ್ದನ್ನು, ಅಜ್ಜಿ ಅಂದದ್ದನ್ನು ಬರೆಯಿರಿ.

ಯಾವ ಕನ್ನಡ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಶಾಲೆಯ ಕನ್ನಡವೋ ಮನೆಯ ಕನ್ನಡವೋ? ನನ್ನ ಅಭಿಪ್ರಾಯ ಖಚಿತವಾಗಿದೆ: ಕತೆ ಹೇಳುವ ಸಾಲು ಸರಳ ಬರಹದ ಕನ್ನಡದಲ್ಲಿರಲಿ, ಕತೆಯೊಳಗಿನವರ ಮಾತು ಅವರ ಬಾಯಲ್ಲಿ ಬರುವ ಹಾಗೇ ಇರಲಿ. ಹುಬ್ಬಳ್ಳಿಯ ಅಜ್ಜಿ “ಚೆಲ್ಲಬೇಡ ಮಗಳೇ” ಎನ್ನುವುದಿಲ್ಲ. ಒಂದು ಪುಟ ಮೊದಲು ಹೀಗಿತ್ತು: “ಅಜ್ಜಿಯು ಮೊಮ್ಮಗಳಿಗೆ ನೀರಿನ ಮಹತ್ವವನ್ನು ತಿಳಿಸಿದಳು.” ತಿದ್ದಿದ ಮೇಲೆ: “ಆಕಳಿಗೂ ನೀರಡಿಕಿ ಆಗತೈತಿ,” ಅಂದಳು ಅಜ್ಜಿ. ಮಹತ್ವ ಎಂಬ ಪದ ಹೋಯಿತು, ಮಹತ್ವ ಉಳಿಯಿತು.

ಬರೆದದ್ದನ್ನು ಗಟ್ಟಿಯಾಗಿ ಓದಿ. ಉಸಿರು ಕಟ್ಟಿದಲ್ಲಿ ವಾಕ್ಯ ಮುರಿಯಿರಿ. ಒತ್ತಕ್ಷರ ಒಂದರ ಮೇಲೊಂದು ಬಂದಲ್ಲಿ ಪದ ಬದಲಿಸಿ. ಜಾಗರೂಕತೆ, ಸಂರಕ್ಷಣೆ, ಸದ್ಬಳಕೆ ಇಂಥ ಮಾತು ಒಂದಾದರೂ ಕಂಡರೆ ಉಪದೇಶ ಒಳಗೆ ನುಸುಳಿದೆ ಎಂದೇ ಅರ್ಥ.

## ಹಂತ 6: ಚಿತ್ರ ಮತ್ತು ಬಣ್ಣ

ಈಗ ಒಳ್ಳೆಯ ಹಾಳೆ ತೆಗೆಯಿರಿ. ಡಮ್ಮಿಯ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಂಡು, ಅದರಲ್ಲಿರುವ ಅಂಕಿಯನ್ನೇ ಒಳ್ಳೆಯ ಹಾಳೆಯ ಅದೇ ಜಾಗಕ್ಕೆ ಪೆನ್ಸಿಲಿನಲ್ಲಿ ತೆಳುವಾಗಿ ಬರೆದು, ಆಮೇಲೆ ಚಿತ್ರ ಶುರು ಮಾಡಿ. ಸುತ್ತ ಒಂದು ಸೆಂಟಿಮೀಟರ್ ಜಾಗ ಬಿಡಿ, ಮಡಿಕೆಯ ಹತ್ತಿರ ಒಂದೂವರೆ. ಮಡಿಕೆಗೆ ತಾಗಿ ಬಿಡಿಸಿದ ಮುಖ ಹೊಲಿದ ಮೇಲೆ ಒಳಗೆ ಹೋಗಿಬಿಡುತ್ತದೆ.

ಮಾಮೂಲು ಜೆರಾಕ್ಸ್ ಹಾಳೆಗೆ ನೀರುಬಣ್ಣ ಬೇಡ, ಹಾಳೆ ಹಪ್ಪಳದಂತೆ ಮುರುಟುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಹಿಂದಿನ ಪುಟಕ್ಕೆ ಇಳಿಯುತ್ತದೆ. ಮೇಣದ ಬಣ್ಣವೇ ಸರಿ. ನೀರುಬಣ್ಣವೇ ಬೇಕೆಂದು ಮಗು ಹಟ ಹಿಡಿದರೆ ಬೇರೆ ದಪ್ಪ ಕಾಗದದಲ್ಲಿ ಬರೆಸಿ, ಕತ್ತರಿಸಿ ಅಂಟಿಸಿ.

ಮಣ್ಣಿನ ಬಣ್ಣ ಮಾಡುವ ಆಸೆ ಇದ್ದವರಿಗೆ ನಮ್ಮ ಸೀಮೆ ಅನುಕೂಲ. ಎರೆಮಣ್ಣನ್ನು, ಮಸಾರಿಯ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ನುಣ್ಣನೆಯ ಕೆಸರಿಗೆ ಜಾಲಿ ಅಂಟಿನ ನೀರು ಬೆರೆಸಿದರೆ ಬಣ್ಣ ತಯಾರು. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಕೈಗೆ ಪುಡಿ ಹತ್ತುತ್ತದೆ. ಎರೆಮಣ್ಣನ್ನು ದಪ್ಪ ಬಳಿಯಬೇಡಿ. ಹೊಲದಲ್ಲಿ ಬೇಸಿಗೆಗೆ ಬಿರಿಯುವ ಮಣ್ಣು ಅದು, ಕಾಗದದ ಮೇಲೂ ಬಿರಿಯುತ್ತದೆ. ಟ್ಯಾಂಕರ್ ಬಾರದ ಓಣಿಯ ನೆಲಕ್ಕೆ ನಾವು ಬೇಕೆಂದೇ ಸ್ವಲ್ಪ ದಪ್ಪ ಬಳಿದೆವು, ಬಿರುಕು ತಾನಾಗಿ ಬಂತು. ಅರಿಷಿಣದ ಹಳದಿ ಬಿಸಿಲಿಗೆ ಮಾಸುತ್ತದೆ, ಇದ್ದಿಲು ಎದುರಿನ ಪುಟಕ್ಕೆಲ್ಲ ಹತ್ತುತ್ತದೆ. ಅವೆರಡನ್ನೂ ಬಿಡಿ.

ಒಂದು ಮಾತು ಗಮನದಲ್ಲಿರಲಿ: ಅಜ್ಜಿಯ ಸೀರೆಯ ಬಣ್ಣ 4ನೇ ಪುಟದಲ್ಲಿ ಹಸಿರಿದ್ದರೆ 14ರಲ್ಲೂ ಹಸಿರೇ ಇರಬೇಕು. ದೊಡ್ಡವರಿಗೆ ಇದು ಕಾಣುವುದಿಲ್ಲ. ನಾಲ್ಕು ವರ್ಷದ ಮಗು ತಕ್ಷಣ ಕೇಳುತ್ತದೆ, “ಈಕಿ ಬ್ಯಾರೆ ಅಜ್ಜಿ ಏನು?” ಪಾತ್ರಗಳ ಬಟ್ಟೆ, ಕೊಡದ ಬಣ್ಣ, ಆಕಳಿನ ಮಚ್ಚೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ.

ಮಗು ಬಿಡಿಸಿದ್ದನ್ನು ತಿದ್ದಲು ಹೋಗಬೇಡಿ. ಆಕಳಿಗೆ ಐದು ಕಾಲಿದ್ದರೂ ಇರಲಿ.

## ಹಂತ 7: ಹೊಲಿಯುವ ಮೊದಲು ಜೆರಾಕ್ಸ್

ಪ್ರತಿ ಬೇಕಿದ್ದರೆ ಈಗಲೇ ತೆಗೆಸಬೇಕು, ಹೊಲಿದ ಮೇಲೆ ಆಗುವುದಿಲ್ಲ. ಎರಡೂ ಮೈ ಮುದ್ರಿಸುವಾಗ ಹಾಳೆ ಗಿಡ್ಡ ಅಂಚಿನ ಮೇಲೆ ಮಗುಚಬೇಕು ಎಂದು ಅಂಗಡಿಯವರಿಗೆ ಬಿಡಿಸಿ ಹೇಳಿ. ಉದ್ದ ಅಂಚಿನ ಮೇಲೆ ಮಗುಚಿದರೆ ಹಿಂದಿನ ಪುಟ ತಲೆಕೆಳಗಾಗಿ ಬರುತ್ತದೆ. ಮೊದಲು ಒಂದೇ ಹಾಳೆ ತೆಗೆಸಿ, ಮಡಚಿ ನೋಡಿ, ಆಮೇಲೆ ಉಳಿದದ್ದು. ಕಪ್ಪುಬಿಳುಪು ಪ್ರತಿಯಲ್ಲಿ ತಿಳಿ ಹಳದಿ ಕಾಣದೇ ಹೋಗುತ್ತದೆ, ಗೆರೆಗಳನ್ನು ಕಪ್ಪಿನಲ್ಲಿ ಗಟ್ಟಿ ಮಾಡಿಕೊಳ್ಳಿ.

## ಹಂತ 8: ಹೊಲಿಗೆ

ಸ್ಟೇಪ್ಲರ್ ಪಿನ್ ಹೊಡೆದು ಮುಗಿಸಬಹುದಲ್ಲ ಎಂದು ಕೇಳುವವರುಂಟು. ಪಿನ್ ತುಕ್ಕು ಹಿಡಿಯುತ್ತದೆ. ಧಾರವಾಡದ ಮಳೆಗಾಲದಲ್ಲಿ ಇನ್ನೂ ಬೇಗ. ತುದಿ ಎದ್ದರೆ ಮಗುವಿನ ಬೆರಳಿಗೆ ಚುಚ್ಚುತ್ತದೆ. ಹೊಲಿಗೆ ಅರ್ಧ ಗಂಟೆಯ ಕೆಲಸ.

ಕ್ಯಾಲೆಂಡರ್ ಹಾಳೆಯನ್ನು ಎ4ಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಮಡಚಿ. ಕತ್ತರಿಸುವ ಮೊದಲು ಎರಡೂ ಕಡೆ ಬಾಗಿಸಿ ನೋಡಿ: ಯಾವ ಕಡೆ ಸಲೀಸಾಗಿ ಬಾಗುತ್ತದೋ, ಆ ಬಾಗಿನ ಗೆರೆಯ ಉದ್ದಕ್ಕೇ ಕಾಗದದ ನಾರು ಇದೆ, ಮಡಿಕೆಯೂ ಅದೇ ಗೆರೆಯ ಉದ್ದಕ್ಕೆ ಬರಲಿ. ನಾರಿಗೆ ಅಡ್ಡ ಮಡಚಿದ ದಪ್ಪ ಕಾಗದ ಮಡಿಕೆಯಲ್ಲಿ ಸೀಳುತ್ತದೆ. ನಾಲ್ಕು ಹಾಳೆಗಳನ್ನು ಅದರೊಳಗೆ ಕೂರಿಸಿ, ಮತ್ತೊಮ್ಮೆ 1ರಿಂದ 16ರವರೆಗೆ ಮಗುಚಿ ನೋಡಿ. ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಹಿಡಿಸಿ.

ಮಡಿಕೆಯ ಮೇಲೆ ಮೇಲಿನಿಂದ 2, 6, 10.5, 15, 19 ಸೆಂಟಿಮೀಟರಿಗೆ ಗುರುತು ಹಾಕಿ. ದಬ್ಬಣದಿಂದ ಒಳಗಿನಿಂದ ಹೊರಗೆ, ಸರಿಯಾಗಿ ಮಡಿಕೆಯ ಗೆರೆಯ ಮೇಲೆ ಚುಚ್ಚಿ. ತೂತು ಗೆರೆ ಬಿಟ್ಟು ಒಂದು ನೂಲಿನಷ್ಟು ಸರಿದರೂ ಹಾಳೆ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ನಡುವಿನ ಹಾಳೆ ಕಿತ್ತುಬರುವುದಕ್ಕೆ ಮುಖ್ಯ ಕಾರಣ ಇದೇ.

70 ಸೆಂಟಿಮೀಟರ್ ದಾರಕ್ಕೆ ಮೇಣ ಎಳೆದು ಸೂಜಿಗೆ ಪೋಣಿಸಿ, ಗಂಟು ಹಾಕದೆ. ತೂತುಗಳಿಗೆ ಮೇಲಿನಿಂದ 1ರಿಂದ 5 ಎಂದು ಹೆಸರಿಟ್ಟುಕೊಂಡರೆ ದಾರಿ ಹೀಗೆ: ಹೊರಗಿನಿಂದ 3ರೊಳಗೆ ಹೋಗಿ, 2ರಿಂದ ಹೊರಗೆ ಬನ್ನಿ. 1ರೊಳಗೆ ಹೋಗಿ, ಮತ್ತೆ 2ರಿಂದಲೇ ಹೊರಗೆ. ಈಗ 3ನ್ನು ದಾಟಿ ಹೊರಗಿನಿಂದಲೇ 4ರೊಳಗೆ ಹೋಗಿ. 5ರಿಂದ ಹೊರಗೆ, ಮತ್ತೆ 4ರೊಳಗೆ, ಕಡೆಗೆ 3ರಿಂದ ಹೊರಗೆ. ಮೊದಲು ಬಿಟ್ಟ ತುದಿ, ಈಗ ಬಂದ ತುದಿ ಎರಡೂ 3ರ ಹತ್ತಿರ ಸಿಗುತ್ತವೆ. 2ರಿಂದ 4ಕ್ಕೆ ಹಾದ ಉದ್ದ ಎಳೆಯ ಆಚೆಗೊಂದು ಈಚೆಗೊಂದು ತುದಿ ಇಟ್ಟು ಅದರ ಮೇಲೆ ಎರಡು ಗಂಟು ಹಾಕಿ. ಒಂದೇ ಕಡೆ ಇಟ್ಟರೆ ಗಂಟು ತೂತಿನೊಳಗೆ ಜಾರುತ್ತದೆ.

ದಾರ ಬಿಗಿಯುವಾಗ ಮಡಿಕೆಯ ಉದ್ದಕ್ಕೆ ಎಳೆಯಿರಿ. ಮೇಲಕ್ಕೆ ಎಳೆದರೆ ತೂತು ಸೀಳುತ್ತದೆ. ಕೌದಿ ಹೊಲಿದು ಗೊತ್ತಿರುವ ಅಜ್ಜಿಯರಿಗೆ ಇದನ್ನು ಹೇಳಬೇಕಾಗಿಲ್ಲ, ಈ ಹಂತವನ್ನು ಅವರ ಕೈಗೇ ಕೊಟ್ಟರೆ ಒಳ್ಳೆಯದು. ಕತೆ ಕೊಟ್ಟವರು ಪುಸ್ತಕವನ್ನೂ ಹೊಲಿದ ಹಾಗಾಯಿತು.

## ಹಂತ 9: ಸರಿ (ಮೈದಾ ಅಂಟು) ಕಾಯಿಸಿ ಬೆನ್ನು ಕಟ್ಟುವುದು

2 ಚಮಚ ಮೈದಾಕ್ಕೆ 10–12 ಚಮಚ ತಣ್ಣೀರು. ಗಂಟಿಲ್ಲದ ಹಾಗೆ ಕದಡಿದ ಮೇಲೆಯೇ ಸಣ್ಣ ಉರಿಗೆ ಇಡಿ. ಬಿಡದೆ ತಿರುವುತ್ತಿದ್ದರೆ ಬಿಳಿ ಬಣ್ಣ ಹೋಗಿ ಗಂಜಿಯಂತೆ ಪಾರದರ್ಶಕವಾಗುತ್ತದೆ. ಆಗ ಇಳಿಸಿ, ಪೂರ್ತಿ ಆರಲಿ. ಬಿಸಿ ಇರುವಾಗ ಹಚ್ಚಿದರೆ ಕಾಗದ ನೀರು ಕುಡಿದು ಉಬ್ಬುತ್ತದೆ. ಹುಳಿ ವಾಸನೆ ಬಂದ ಅಂಟನ್ನು ಬಳಸಬೇಡಿ. ಬೈಂಡಿಂಗ್ ಮಾಡುವವರು ಹುಳ ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತ ಹಾಕುವುದುಂಟು. ಅದು ವಿಷ. ಪುಸ್ತಕದ ಮೂಲೆ ಬಾಯಿಗಿಡುವ ಮಕ್ಕಳ ಪುಸ್ತಕಕ್ಕೆ ಎಂದಿಗೂ ಬೇಡ.

ಹತ್ತಿ ಬಟ್ಟೆಯ ಪಟ್ಟಿಗೆ ಅಂಟು ತೆಳುವಾಗಿ ಬಳಿದು, ಗಂಟು ಮುಚ್ಚುವಂತೆ ಬೆನ್ನಿಗೆ ಅಂಟಿಸಿ. ಇಲಕಲ್ ಸೀರೆಯ ಸವೆದ ದಡಿ ಇದ್ದರೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ಲಗ್ನಪತ್ರಿಕೆಯಲ್ಲಿ ಕತ್ತರಿಸಿದ ಕೊಡ, ಆಕಳು, ಗಿಡ ಮುಖಪುಟಕ್ಕೆ. ಅದರಲ್ಲಿದ್ದ ಹೆಸರು, ಫೋನ್ ನಂಬರ್ ಮೇಲೆ ಕಾಣದಂತೆ ನೋಡಿಕೊಳ್ಳಿ.

ಹೊದಿಕೆಯ ಒಳಗೆ ಒಂದೊಂದು ಪ್ಲಾಸ್ಟಿಕ್ ಹಾಳೆ ಸೇರಿಸಿ, ಮೇಲೆ ದಪ್ಪ ಪುಸ್ತಕಗಳ ಹೇರು ಇಟ್ಟು ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಎರಡು ರಾತ್ರಿ. ಬಿಸಿಲಿಗೆ ಇಟ್ಟು ಬೇಗ ಒಣಗಿಸಿದರೆ ಹೊದಿಕೆ ದೋಣಿಯಂತೆ ಬಾಗುತ್ತದೆ. ಕೈಯಿಟ್ಟಾಗ ತಂಪು ತಾಗಿದರೆ ಇನ್ನೂ ಒಣಗಿಲ್ಲ ಎಂದರ್ಥ. ಹೊರಗೆ ಚಾಚಿದ ಅಂಚನ್ನು ಸ್ಟೀಲ್ ಪಟ್ಟಿ ಇಟ್ಟು ಕತ್ತರಿಸುವುದು ಪೂರ್ತಿ ಒಣಗಿದ ಮೇಲೆ.

## ಹಂತ 10: ಬಳಕೆ, ದುರಸ್ತಿ

ಪುಸ್ತಕವನ್ನು ಕಪಾಟಿನ ಮೇಲಿನ ಅರೆಯಲ್ಲಿ ಇಡಬೇಡಿ. ಮಗುವಿನ ಕೈಗೆ ಸಿಗುವ ಕಡೆ ಇಡಿ, ಹರಿಯಲಿ. ಪುಟದ ಅಂಚು ಹರಿದರೆ ಸೆಲ್ಲೋಟೇಪ್ ಬೇಡ. ಅದು ವರ್ಷದೊಳಗೆ ಹಳದಿಗಟ್ಟಿ ಅಂಟಂಟಾಗುತ್ತದೆ. ತೆಳು ಕಾಗದದ ಪಟ್ಟಿಗೆ ಅದೇ ಮೈದಾ ಅಂಟು ಹಚ್ಚಿ ಹಿಂದಿನಿಂದ ಕೂರಿಸಿ.

ನಡುವಿನ ಪುಟ ಬಿಚ್ಚಿದಾಗ ದಾರ ಸಡಿಲವಾಗಿ ಕುಣಿಕೆಯಂತೆ ಎದ್ದಿದ್ದರೆ ಮತ್ತೆ ಹೊಲಿಯುವ ಕಾಲ ಬಂದಿದೆ. ಬೆನ್ನಿನ ಬಟ್ಟೆಗೆ ಒದ್ದೆ ಅರಿವೆ ಒತ್ತಿ ಹತ್ತು ನಿಮಿಷ ಬಿಟ್ಟರೆ ಮೈದಾ ಅಂಟು ನೆನೆದು ಪಟ್ಟಿ ಸುಲಭವಾಗಿ ಏಳುತ್ತದೆ. ಬೆನ್ನು ಆರಿದ ಮೇಲೆ ಗಂಟು ಕತ್ತರಿಸಿ, ಹಳೆಯ ದಾರ ತೆಗೆದು, ಹೊಸ ದಾರವನ್ನು ಅದೇ ಐದು ತೂತಿನಲ್ಲಿ ಅದೇ ದಾರಿಯಲ್ಲಿ ಎಳೆಯಿರಿ. ಹೊಸ ತೂತು ಚುಚ್ಚಬೇಡಿ. ಈ ಸಲ ಸೂಜಿಯನ್ನು ಮಗುವಿನ ಕೈಗೆ ಕೊಟ್ಟು, ನೀವು ಹಾಳೆ ಹಿಡಿದುಕೊಳ್ಳಿ.